ಹೊಲ ಮೇಯಿಸಿದವನಿದ್ದಾನೆ, ಕಾಲು ಕಚ್ಚಿಸಿದವನೆಲ್ಲಿ?

ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ಟೀ ಕುಡಿಯುವವರಿಗೆ ಆತುರವಿರುವುದಿಲ್ಲ. ಮುಂದೆ ಹೈದರಾಬಾದಿಗೆ ಓಡುವ ಹೆದ್ದಾರಿ, ಪಕ್ಕದಲ್ಲಿ ಲೇಪಾಕ್ಷಿ, ಹಿಂದೂಪುರದ ಕಡೆಗೆ ಹೊರಳುವ ರಸ್ತೆ, ಬೆನ್ನಿಗೆ ಬಾಗೇಪಲ್ಲಿ. ಬಸ್ಸು ಬರುವ ತನಕ ಕೂತಲ್ಲೇ ಪಂಚಾಯಿತಿ ನಡೆಯುತ್ತದೆ, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಈಚೆಗೊಂದು ದಿನ ಅಲ್ಲಿ ಗ್ಯಾಸ್ ಸಿಲಿಂಡರ್ ಇಳಿಸುವ ಹುಡುಗನೊಬ್ಬ ಕಾಲು ನೀಡಿಕೊಂಡು ಕೂತಿದ್ದ. ಮೀನಖಂಡಕ್ಕೆ ಬ್ಯಾಂಡೇಜು. ತೋಟದ ಮನೆಯೊಂದರ ನಾಯಿ ಹಿಡಿದಿತ್ತು.

ಪಂಚಾಯಿತಿ ಶುರುವಾಯಿತು. "ಗೇಟು ತೆಗೆಯೋಕೆ ಮುಂಚೆ ಕೂಗಿದ್ಯಾ?" "ಓಡಿದೆ ತಾನೇ? ಓಡಬಾರದಪ್ಪಾ, ನಾಯಿ ಕಂಡ್ರೆ ಅಲ್ಲಾಡದೆ ನಿಂತ್ಕೋಬೇಕು." "ಸಿಲಿಂಡರ್ ಸದ್ದಿಗೆ ಬೆದರಿರ್ತದೆ, ಪಾಪ." ಆ 'ಪಾಪ' ಹೋಗಿದ್ದು ನಾಯಿಗೆ, ಹುಡುಗನಿಗಲ್ಲ. ಯಾರ ಮನೆಯ ನಾಯಿ ಎಂದು ಕೊನೆಗೆ ಯಾರೋ ಕೇಳಿದರು ನಿಜ, ಅದೂ ಯಾವ ಜಾತಿಯದು, ಎಷ್ಟು ಕೊಟ್ಟು ತಂದರಂತೆ ಎಂಬ ಕುತೂಹಲಕ್ಕೆ. ಬೆಲೆ ಕೇಳಿ ನಾಲ್ಕು ಜನ ತಲೆದೂಗಿದರು. ಹುಡುಗ ಟೀ ಲೋಟ ಕೆಳಗಿಟ್ಟು ಕುಂಟುತ್ತಾ ಹೊರಟ. ತಪ್ಪೆಲ್ಲ ಅವನದೇ ಎಂದು ಅಷ್ಟರಲ್ಲಿ ಅವನಿಗೂ ಅನಿಸಿತ್ತೇನೋ.

ಆ ಟೀ ಅಂಗಡಿಯ ತೀರ್ಪು ಒಂದು ಊರಿನದಲ್ಲ. ಸಾಕಿದ ನಾಯಿ ಹೊರಗಿನವನಿಗೆ ಕಚ್ಚಿದರೆ ಅದು ಮಳೆ ಸಿಡಿಲಿನ ಹಾಗೆ, ಯಾರ ಕೈಯಲ್ಲೂ ಇಲ್ಲದ ಸಂಗತಿ ಎಂಬ ನಂಬಿಕೆ ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ ಕಲ್ಯಾಣದುರ್ಗದ ಕುರಿಹಟ್ಟಿಯವರೆಗೆ ಹಬ್ಬಿಕೊಂಡಿದೆ. ಈ ನಂಬಿಕೆ ಸುಳ್ಳು. ಸುಳ್ಳು ಎಂಬುದು ನಮ್ಮ ಮಾತಿಗೇ ಗೊತ್ತಿದೆ.

ಪಕ್ಕದವನ ಎಮ್ಮೆ ನಿಮ್ಮ ಕಡಲೇಕಾಯಿ ಹೊಲಕ್ಕೆ ನುಗ್ಗಿ ನಾಲ್ಕು ಸಾಲು ತಿಂದಿತೆನ್ನಿ. ಆಗ "ಎಮ್ಮೆ ಮೇಯ್ತು" ಎಂದು ಹೇಳಿ ಯಾರಾದರೂ ಸುಮ್ಮನಾಗುತ್ತಾರೆಯೇ? "ಅವನು ನನ್ನ ಹೊಲ ಮೇಯಿಸಿಬಿಟ್ಟ" ಅನ್ನುತ್ತೇವೆ. ತೆಲುಗಿನವನೂ "ಮೇಪಿನಾಡು" ಅನ್ನುತ್ತಾನೆ. ಎಮ್ಮೆ ಹೊಲಕ್ಕೆ ಬಿದ್ದ ಹೊತ್ತಿನಲ್ಲಿ ಅದರ ಒಡೆಯ ಹಿಂದೂಪುರದಲ್ಲಿ ಹುಣಸೆಹಣ್ಣಿನ ತೂಕ ಹಾಕಿಸುತ್ತಿದ್ದಿರಬಹುದು. ಎಮ್ಮೆಗೆ ಹೊಲ ತೋರಿಸಿದವನು ಅವನಲ್ಲ. ಆದರೂ ಮೇಯಿಸಿದವನು ಅವನೇ. ಆ ಒಂದು 'ಇಸು'ವಿನಲ್ಲಿ ನಮ್ಮ ರೈತಾಪಿ ಜನ ಹೊಣೆಗಾರಿಕೆಯ ಇಡೀ ಶಾಸ್ತ್ರವನ್ನೇ ಮಡಚಿಟ್ಟಿದ್ದಾರೆ. ಕಟ್ಟಬೇಕಾದವನು ಕಟ್ಟಲಿಲ್ಲ, ಆದ್ದರಿಂದ ಮೇಯಿಸಿದ. ಇಷ್ಟೇ ತರ್ಕ, ಇದಕ್ಕೆ ವಕೀಲರು ಬೇಕಿಲ್ಲ.

ಅದೇ ನಾಯಿಯ ವಿಚಾರಕ್ಕೆ ಬಂದರೆ 'ಇಸು' ಎಲ್ಲಿಗೋ ಹಾರಿಹೋಗುತ್ತದೆ. "ನಾಯಿ ಕಚ್ತು." "ಕುಕ್ಕ ಕರಿಚಿಂದಿ." ಎರಡು ಭಾಷೆಯೂ ಒಟ್ಟಿಗೇ ಒಡೆಯನನ್ನು ವಾಕ್ಯದಿಂದ ಹೊರಗೆ ಕಳಿಸಿಬಿಡುತ್ತವೆ. "ಅವರು ಕಚ್ಚಿಸಿದರು" ಅಂದರೆ ಛೂ ಬಿಟ್ಟರೇನೋ ಎಂಬ ಅರ್ಥ ಬರುತ್ತದೆಯೇ ಹೊರತು ಕಟ್ಟದೆ ಬಿಟ್ಟರು ಎಂಬ ಅರ್ಥ ಬರುವುದಿಲ್ಲ. ನಾಲ್ಕು ಸಾಲು ಕಡಲೇಕಾಯಿಗೆ ಇರುವ ವ್ಯಾಕರಣ ಕೂಲಿಯವನ ಮೀನಖಂಡಕ್ಕೆ ಇಲ್ಲ.

ಕಾನೂನಿನಲ್ಲೂ ಇದೇ ಕಥೆ. ಬ್ರಿಟಿಷರು 1871ರಲ್ಲಿ ತಂದ ದನಗಳ ಅತಿಕ್ರಮ ಕಾಯ್ದೆ ನಮ್ಮ ಹಳ್ಳಿಗಳಿಗೆಲ್ಲ ಚೆನ್ನಾಗಿ ಗೊತ್ತು, ಹೆಸರಿನಿಂದಲ್ಲದಿದ್ದರೂ ದೊಡ್ಡಿಯಿಂದ. ಈ ಕಡೆ ಬಂದೆಲದೊಡ್ಡಿ ಅನ್ನುತ್ತಾರೆ. ಬೆಳೆಗೆ ಬಿದ್ದ ದನವನ್ನು ಹಿಡಿದು 24 ಗಂಟೆಯೊಳಗೆ ದೊಡ್ಡಿಗೆ ಅಟ್ಟಬಹುದು, ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. 'ದನ' ಎಂದರೆ ಏನೇನು ಎಂದು ಆ ಕಾಯ್ದೆ ಪಟ್ಟಿ ಕೊಡುತ್ತದೆ. ಆನೆಯಿದೆ, ಒಂಟೆಯಿದೆ, ಕುದುರೆಯಿದೆ, ಕತ್ತೆಯಿದೆ, ಹಂದಿಯಿದೆ, ಕುರಿಮರಿ ಮೇಕೆಮರಿಗಳೂ ಇವೆ. ನಾಯಿ ಇಲ್ಲ. ಬೆಳೆ ತಿನ್ನದ ಪ್ರಾಣಿ, ಕಂದಾಯಕ್ಕೆ ಕುತ್ತಿಲ್ಲ. ಮನುಷ್ಯನನ್ನು ತಿಂದರೆ ತಿನ್ನಲಿ.

ಟೀ ಅಂಗಡಿಯ ವಾದಗಳಲ್ಲಿ ಮೊದಲನೆಯದು ಇದು: "ಹೊಸಬರನ್ನ ಕಂಡ್ರೆ ಕಚ್ಚೋದು ನಾಯಿ ಧರ್ಮ." ಧರ್ಮ ಎಂಬ ಮಾತು ಕಿವಿಗೆ ಬಿದ್ದೊಡನೆ ನಾವು ಕೈಮುಗಿದು ಪಕ್ಕಕ್ಕೆ ಸರಿಯುತ್ತೇವೆ. ಆದರೆ ಈ ಹೊಸಬ ಯಾರು? ಕಳ್ಳನೇ? ಕಳ್ಳ ನಾಯಿಯ ವೇಳಾಪಟ್ಟಿ ತಿಳಿದುಕೊಂಡೇ ಬರುತ್ತಾನೆ. ಹಗಲುಹೊತ್ತಿನಲ್ಲಿ ಗೇಟು ತಟ್ಟುವವನು ನಿಮ್ಮ ಕೆಲಸಕ್ಕೇ ಬಂದವನು. ಕರೆಂಟಿನ ಮೀಟರು ನೋಡುವವನು, ತಂತಿ ಸರಿಮಾಡುವ ಲೈನ್‌ಮನ್, ಅಂಚೆಯವನು, ಬಾಣಂತಿಯ ಕಾರ್ಡು ಹಿಡಿದು ಬರುವ ಆಶಾ ಕಾರ್ಯಕರ್ತೆ, ಸಿಲಿಂಡರಿನ ಹುಡುಗ. ಆಂಧ್ರದ ಹಳ್ಳಿಗಳಲ್ಲಿ ತಿಂಗಳ ಒಂದನೇ ತಾರೀಖು ಗ್ರಾಮ ಸಚಿವಾಲಯದ ನೌಕರರು ಪಿಂಚಣಿಯ ದುಡ್ಡು ಹಿಡಿದು ಬೆಳಬೆಳಗ್ಗೆ ಮನೆಮನೆಗೆ ಬರುತ್ತಾರೆ. ಇವರಲ್ಲಿ ಒಬ್ಬರಾದರೂ ತಮ್ಮ ಸ್ವಂತ ಇಷ್ಟಕ್ಕೆ ನಿಮ್ಮ ಅಂಗಳಕ್ಕೆ ಕಾಲಿಡುವವರಲ್ಲ. ನಾಯಿ ಕಂಡು ಹಿಂದಿರುಗುವ ಸ್ವಾತಂತ್ರ್ಯವೂ ಅವರಿಗಿಲ್ಲ, ಹಿಂದಿರುಗಿದರೆ ಮೇಲಿನವರು ಕೇಳುತ್ತಾರೆ. ನೆಂಟರು ಬಂದಾಗ ನಾಯಿ ಕಟ್ಟುವ ಮನೆಯವರು ಇವರು ಬಂದಾಗ ಕಟ್ಟುವುದಿಲ್ಲ. ನೆಂಟರಿಗಾಗಿ ಸರಪಣಿ ಹುಡುಕುವ ಕೈಗೆ ಸಿಲಿಂಡರಿನವನಿಗಾಗಿ ಅದು ಸಿಗುವುದಿಲ್ಲವಾದರೆ ಇಲ್ಲಿ ಧರ್ಮದ ಪ್ರಶ್ನೆ ನಾಯಿಯದಲ್ಲ.

2023ರ ಜನವರಿಯಲ್ಲಿ ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ ಊಟದ ಪಾರ್ಸೆಲ್ ತಲುಪಿಸಲು ಹೋದ 23ರ ತರುಣನ ಮೇಲೆ ಗಿರಾಕಿಯ ಮನೆಯ ಜರ್ಮನ್ ಶೆಫರ್ಡ್ ನುಗ್ಗಿತು. ಅವನು ಹೆದರಿ ಮೂರನೇ ಮಹಡಿಯಿಂದ ಕೆಳಗೆ ಹಾರಿದ, ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಹೋದ. ಆ ನಾಯಿ ಅವನಿಗೆ ಕಚ್ಚಲೂ ಇಲ್ಲ. "ಓಡಬಾರದಪ್ಪಾ" ಎಂದು ಬುದ್ಧಿ ಹೇಳುವವರು ಈ ಹುಡುಗನಿಗೆ ಏನು ಹೇಳುತ್ತಾರೆ? 2024ರ ಮೇ ತಿಂಗಳಲ್ಲಿ ಚೆನ್ನೈನ ನಗರಪಾಲಿಕೆಯ ಪಾರ್ಕೊಂದರಲ್ಲಿ ಐದು ವರ್ಷದ ಹೆಣ್ಣುಮಗುವನ್ನು ಎರಡು ರಾಟ್‌ವೀಲರ್ ನಾಯಿಗಳು ಹಿಡಿದು ಹರಿದುವು. ಮಗು ಆ ಪಾರ್ಕಿನ ಕಾವಲುಗಾರನದು, ಅದರ ಮನೆ ಇದ್ದದ್ದೇ ಪಾರ್ಕಿನಲ್ಲಿ. ಅಲ್ಲಿ ಹೊಸಬ ಯಾರು? ಮಗುವೋ, ಸರಪಣಿಯಿಲ್ಲದೆ ಒಳಗೆ ಬಂದ ನಾಯಿಗಳೋ? ಎರಡೂ ಕಡೆ ಪೊಲೀಸರು ಒಡೆಯರ ಮೇಲೆ ಪ್ರಕರಣ ದಾಖಲಿಸಿದರು. ಊರ ಬಾಯಿ ಮಾತ್ರ ಅಲ್ಲೂ ನಾಯಿಯ ಜಾತಿಯನ್ನೇ ಚರ್ಚಿಸಿತು.

ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ 2023ರ ಅಕ್ಟೋಬರಿನಲ್ಲಿ ನಟ ದರ್ಶನ್ ಅವರ ಮನೆಯ ನಾಯಿಗಳು ತಮಗೆ ಕಚ್ಚಿದುವೆಂದು ಮಹಿಳೆಯೊಬ್ಬರು ಪೊಲೀಸರಿಗೆ ದೂರು ಕೊಟ್ಟಿದ್ದರು. ಗಾಡಿ ನಿಲ್ಲಿಸಿದ ವಿಚಾರಕ್ಕೆ ಮಾತು ಬೆಳೆದಿತ್ತು ಎಂಬುದು ಸುದ್ದಿಯಲ್ಲಿತ್ತು. ದೂರಿನ ಸತ್ಯಾಸತ್ಯ ನನ್ನ ವಿಷಯವಲ್ಲ. ಆಗ ನನ್ನ ಸುತ್ತಮುತ್ತ ಕೇಳಿಬಂದ ಮೊದಲ ಪ್ರಶ್ನೆ ಮಾತ್ರ ನೆನಪಿದೆ: "ಅಲ್ಲಿ ಗಾಡಿ ಯಾಕೆ ನಿಲ್ಲಿಸಿದ್ರಂತೆ?" ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸಿದರೆ ದಂಡ ಹಾಕಲು ಪೊಲೀಸರಿದ್ದಾರೆ. ಆ ಅಧಿಕಾರವನ್ನು ನಾಯಿಗಳಿಗೆ ಯಾವ ಸರ್ಕಾರವೂ ಕೊಟ್ಟದ್ದು ನನಗೆ ಗೊತ್ತಿಲ್ಲ.

ಎರಡನೇ ವಾದಕ್ಕೆ ವಯಸ್ಸು ಜಾಸ್ತಿ. "ಇಷ್ಟು ವರ್ಷ ಆಯ್ತು, ಯಾರಿಗೂ ಕಚ್ಚಿದ್ದಿಲ್ಲ." ಇದನ್ನು ಹೇಳುವಾಗ ಒಡೆಯರ ಮುಖದಲ್ಲಿ ನಿಜವಾದ ಆಶ್ಚರ್ಯವಿರುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಅದು ಹೊಸ ಆಶ್ಚರ್ಯವೇನಲ್ಲ. ಸುಮಾರು 3,800 ವರ್ಷಗಳ ಹಿಂದೆ ಇಂದಿನ ಇರಾಕಿನಲ್ಲಿದ್ದ ಎಶ್ನುನ್ನ ಎಂಬ ನಗರರಾಜ್ಯದ ಕಾನೂನುಗಳು ಜೇಡಿಮಣ್ಣಿನ ಹಲಗೆಗಳಲ್ಲಿ ಸಿಕ್ಕಿವೆ. ನಾಯಿ ಕಚ್ಚುವಂಥದ್ದೆಂದು ಅಧಿಕಾರಿಗಳು ಒಡೆಯನಿಗೆ ಮೊದಲೇ ತಿಳಿಸಿದ್ದು, ಅವನು ಹದ್ದುಬಸ್ತಿನಲ್ಲಿಡದೆ, ಅದು ಕಚ್ಚಿ ಮನುಷ್ಯ ಸತ್ತರೆ 40 ಶೆಕೆಲ್ ಬೆಳ್ಳಿ ತೆರಬೇಕು. ಸತ್ತವನು ಗುಲಾಮನಾದರೆ 15 ಶೆಕೆಲ್ ಸಾಕು. ಕಚ್ಚಿಸಿಕೊಂಡವನ ಅಂತಸ್ತು ನೋಡಿ ಬೆಲೆ ಕಟ್ಟುವ ಚಾಳಿಗೂ ಅಷ್ಟೇ ವಯಸ್ಸು ಎಂದಾಯಿತು. 'ಮೊದಲೇ ತಿಳಿಸಿದ್ದರೆ' ಎಂಬ ಆ ಷರತ್ತು ಮುಂದೆ ಇಂಗ್ಲೆಂಡಿನ ಕೋರ್ಟುಗಳಲ್ಲೂ ಬೇರೆ ವೇಷದಲ್ಲಿ ಕಾಣಿಸಿಕೊಂಡಿತು. ನಾಯಿಗೆ ಕಚ್ಚುವ ಗುಣವಿದೆಯೆಂದು ಒಡೆಯನಿಗೆ ಗೊತ್ತಿತ್ತೆಂದು ಗಾಯಗೊಂಡವನೇ ತೋರಿಸಬೇಕು. ಅಂದರೆ ಮೊದಲ ಕಚ್ಚು ಪುಕ್ಕಟೆ. ಆ ನಾಡಿನ ಜನರೇ ಇದನ್ನು ಗೇಲಿ ಮಾಡಿ, ಕುರಿ ದನಗಳನ್ನು ಕಚ್ಚಿದರೆ ಈ ವಿನಾಯಿತಿ ಇಲ್ಲವೆಂದು 1865ರಲ್ಲಿ ಕಾಯ್ದೆ ಮಾಡಿಕೊಂಡರು. ಮನುಷ್ಯನ ಸರದಿ ಬಂದದ್ದು ಆಮೇಲೆ. ಕ್ಯಾಲಿಫೋರ್ನಿಯಾದ ಕಾನೂನು ಇನ್ನೂ ಖಡಾಖಂಡಿತ: ಬೀದಿಯಲ್ಲೋ, ನ್ಯಾಯವಾಗಿ ಕಾಲಿಟ್ಟ ಅಂಗಳದಲ್ಲೋ ನಾಯಿ ಕಚ್ಚಿದರೆ ನಷ್ಟ ಒಡೆಯನದು. ಅದು ಹಿಂದೆ ಸಾಧುವಾಗಿತ್ತೋ ಇಲ್ಲವೋ ಯಾರೂ ಕೇಳುವುದಿಲ್ಲ.

ಅಷ್ಟು ದೂರ ಯಾಕೆ? ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ 'ಮಿತಾಕ್ಷರ' ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ. ಆ ಸ್ಮೃತಿಯಲ್ಲಿ ಕೋರೆಯುಳ್ಳ, ಕೊಂಬುಳ್ಳ ಪ್ರಾಣಿಗಳ ಒಡೆಯರ ಬಗ್ಗೆ ಒಂದು ನಿಯಮವಿದೆ. ಬಿಡಿಸುವ ಶಕ್ತಿಯಿದ್ದೂ ಸಿಕ್ಕಿಕೊಂಡವನನ್ನು ಬಿಡಿಸದ ಒಡೆಯನಿಗೆ ದಂಡ, ಸಿಕ್ಕಿಕೊಂಡವನು ಕೂಗಿಕೊಂಡರೂ ಬಿಡಿಸದಿದ್ದರೆ ಆ ದಂಡ ಎರಡರಷ್ಟು. ಆ ಪ್ರಾಣಿ ಹಿಂದೆ ಎಷ್ಟು ಒಳ್ಳೆಯದಾಗಿತ್ತು ಎಂಬ ಮಾತೇ ಅಲ್ಲಿಲ್ಲ. ಕೂಗಿಗೆ ಬೇರೆ ಲೆಕ್ಕ ಇಟ್ಟವನು ಮನುಷ್ಯರನ್ನು ಬಲ್ಲವನು. ಜಗಲಿಯ ಮೇಲೆ ಆರಾಮ ಕುರ್ಚಿಯಿಂದ ಏಳದೆ "ಏನೂ ಮಾಡಲ್ಲ, ಬನ್ನಿ ಬನ್ನಿ" ಎನ್ನುವ ಒಡೆಯನನ್ನು ಆ ಸ್ಮೃತಿಕಾರ ಎಲ್ಲೋ ಕಂಡಿದ್ದಿರಬೇಕು.

ಇನ್ನು ಬೋರ್ಡು. "ನಾಯಿಗಳಿವೆ ಎಚ್ಚರಿಕೆ." ಹೆದ್ದಾರಿಯ ಆಜುಬಾಜು ಬೆಂಗಳೂರಿನವರು ಕೊಂಡ ತೋಟಗಳ ಗೇಟಿನಲ್ಲಿ ಇದು ಮೂರು ಭಾಷೆಯಲ್ಲಿರುತ್ತದೆ, ಮನೆಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ. ಪಾಂಪೆಯ ಮನೆಯೊಂದರ ಹೊಸ್ತಿಲಲ್ಲಿ ಎರಡು ಸಾವಿರ ವರ್ಷ ಹಿಂದೆ ಸಣ್ಣ ಕಲ್ಲುಗಳಿಂದ ಕೂರಿಸಿದ ನಾಯಿಯ ಚಿತ್ರವೂ ಇದೇ ಮಾತನ್ನು ಹೇಳುತ್ತದೆ, ಆದರೆ ಆ ನಾಯಿಯ ಕೊರಳಲ್ಲಿ ಪಟ್ಟಿಯಿದೆ, ಸರಪಣಿಯೂ ಇದೆ. ನಮ್ಮವರು ಬೋರ್ಡು ಹಾಕಿ ಸರಪಣಿ ಬಿಚ್ಚುತ್ತಾರೆ. ಬೋರ್ಡು ತಗುಲಿಸಿದ ಮೇಲೆ ಹೊಣೆ ಓದುವವನದಾಯಿತು ಎಂಬ ಲೆಕ್ಕ. ಈ ಲೆಕ್ಕ ತಿರುಗುಮುರುಗಾಗಿದೆ. ಅಪಾಯ ನನಗೆ ಗೊತ್ತಿತ್ತು ಎಂದು ಒಡೆಯನೇ ಬಣ್ಣದಲ್ಲಿ ಬರೆದು ಗೇಟಿಗೆ ತಗುಲಿಸಿದ ಹೇಳಿಕೆ ಅದು. ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಪೊಲೀಸಿಗೂ ಸಿಗಲಾರದು.

ಇಷ್ಟರವರೆಗೆ ಬೆಲೆಬಾಳುವ ನಾಯಿಗಳ ಮಾತಾಯಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಕಚ್ಚುವುದು ಹೆಚ್ಚಾಗಿ ಅರ್ಧ ಸಾಕಿದ ನಾಯಿ. ಹೆಸರಿರುತ್ತದೆ. ರಾಜ, ಟೈಗರ್, ಕರಿಯ. ಎರಡು ಹೊತ್ತು ಮುದ್ದೆ ಬೀಳುತ್ತದೆ. ರಾತ್ರಿ ಹೊತ್ತು ಅದು ಆ ಮನೆಯದೇ, ಅಂಗಳದಲ್ಲಿ ಮಲಗಿ ಬೊಗಳಿ ಕಾಯುತ್ತದೆ, ಮನೆಯವರು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಾರೆ. ಬೆಳಗಾದ ಮೇಲೆ ಶಾಲೆಗೆ ಹೋಗುವ ಮಗುವಿಗೆ ಕಚ್ಚಿತೋ, ಆ ಗಳಿಗೆಯಿಂದ ಅದು ಬೀದಿನಾಯಿ. "ನಮ್ದಲ್ಲ ಕಣಪ್ಪ, ಸುಮ್ನೆ ಬರ್ತದೆ, ಒಂದು ತುತ್ತು ಹಾಕ್ತೀವಿ." ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎಂಬ ಗಾದೆ ನಾಯಿಯನ್ನು ಕುರಿತದ್ದಲ್ಲ, ಈ ಮನೆಯವರನ್ನು ಕುರಿತದ್ದು. ಮನೆಯವರನ್ನು ಕೇಳಿದರೆ ಪಂಚಾಯಿತಿಯನ್ನು ತೋರಿಸುತ್ತಾರೆ, ಪಂಚಾಯಿತಿಯನ್ನು ಕೇಳಿದರೆ ಪಶು ಇಲಾಖೆಯನ್ನು ತೋರಿಸುತ್ತದೆ.

ಈ ಜಾಣತನಕ್ಕೆ ಈಗ ದೊಡ್ಡದೊಂದು ಮರೆಯೂ ಸಿಕ್ಕಿದೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳ ಬಗ್ಗೆ ಒಂದು ಆದೇಶ ಮಾಡಿ, ಹನ್ನೊಂದು ದಿನದಲ್ಲಿ ಅದನ್ನು ಮಾರ್ಪಡಿಸಿ, ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಅವನ್ನು ತೆಗೆಯಲು ಹೇಳಿದ ಮೇಲೆ ದೇಶದಲ್ಲಿ ನಾಯಿ ಎಂದರೆ ಬೀದಿನಾಯಿ ಎಂದೇ ಅರ್ಥವಾಗಿಬಿಟ್ಟಿದೆ. 2024ರಲ್ಲಿ ದೇಶದಲ್ಲಿ ನಾಯಿ ಕಚ್ಚಿದ ಪ್ರಕರಣಗಳು 37 ಲಕ್ಷಕ್ಕೂ ಹೆಚ್ಚು ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ಲೆಕ್ಕ ಕೊಟ್ಟಿತು. ಆ ಅಂಕಿಯನ್ನು ಎತ್ತಿ ಮಾತಾಡುವವರೆಲ್ಲ ಇಡೀ 37 ಲಕ್ಷವನ್ನೂ ಬೀದಿಯ ಖಾತೆಗೇ ಬರೆಯುತ್ತಾರೆ. ಹಾಗೆ ಬರೆಯುವಾಗ ರಾತ್ರಿ ಟೈಗರಿಗೆ ಮುದ್ದೆ ಹಾಕಿದ ಕೈಯೂ ಅವರಲ್ಲಿರುತ್ತದೆ.

ಬೀದಿನಾಯಿ ಕಚ್ಚಿದವರಿಗೆ ಕೇಳುವ ಒಂದು ವಿಳಾಸವಾದರೂ ಹುಟ್ಟಿಕೊಂಡಿದೆ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2023ರ ನವೆಂಬರಿನಲ್ಲಿ ಹಲ್ಲಿನ ಗುರುತೊಂದಕ್ಕೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತುಬಂದಿದ್ದರೆ 0.2 ಸೆಂಟಿಮೀಟರಿಗೆ ಕನಿಷ್ಠ 20,000 ರೂಪಾಯಿ ಎಂದು ಪರಿಹಾರ ನಿಗದಿ ಮಾಡಿತು. ಕರ್ನಾಟಕ ಸರ್ಕಾರ 2025ರಲ್ಲಿ ಬೀದಿನಾಯಿ ದಾಳಿಯಿಂದ ಸತ್ತರೆ 5 ಲಕ್ಷ ರೂಪಾಯಿ ಎಂದಿತು. ಗೇಟು, ಹೆಸರು, ಆಧಾರ್ ಕಾರ್ಡು, ಎಲ್ಲವೂ ಇರುವ ಒಡೆಯನ ನಾಯಿ ಕಚ್ಚಿದರೆ? ಐನೂರರ ಎರಡು ನೋಟು, "ಸುಧಾರಿಸ್ಕೊಂಡು ಹೋಗಪ್ಪ" ಎಂಬ ಊರಿನ ಹಿರಿಯರ ಮಾತು.

ಆ ಎರಡು ನೋಟಿನ ಲೆಕ್ಕ ಮಾಡೋಣ. ನಾಯಿ ಕಚ್ಚಿದ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಎಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಗೆ ನಾಲ್ಕು ಸಲ ಹೋಗಬೇಕು. ಲಸಿಕೆಗೆ ದುಡ್ಡಿಲ್ಲ, ನಿಜ. ಚಿಲಮತ್ತೂರಿಗೋ ಹಿಂದೂಪುರಕ್ಕೋ ನಾಲ್ಕು ಸಲ ಬಸ್ಸು ಹತ್ತಿದರೆ ನಾಲ್ಕು ದಿನದ ಕೂಲಿ ಹೋಯಿತು. ರಕ್ತ ಬರುವಂತೆ ಹಲ್ಲು ಇಳಿದಿದ್ದರೆ ಲಸಿಕೆಯಷ್ಟೇ ಸಾಲದು, ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಬೇಕು, ಅದಕ್ಕೆ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಹಳೇ ಲಸಿಕೆಯ ಕಾಲದವರು ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚಿಸಿಕೊಂಡ ಕಥೆ ಹೇಳಿ, ಈಗೇನು ಬಿಡು, ನಾಲ್ಕೇ ಎಂದು ಸಮಾಧಾನ ಮಾಡುತ್ತಾರೆ. ಅವರನ್ನು ಕಂಡರೆ ನನಗೆ ಗೌರವವೇ. ಆದರೆ ಹದಿನಾಲ್ಕಿರಲಿ ನಾಲ್ಕಿರಲಿ, ಚುಚ್ಚಿಸಿಕೊಳ್ಳುವವನು ನಾಯಿ ಸಾಕಿದವನಲ್ಲ ಎಂಬ ಮಾತು ಅಲ್ಲಿಗೆ ಬರುವುದೇ ಇಲ್ಲ.

"ನಮ್ ನಾಯಿಗೆ ಇಂಜೆಕ್ಷನ್ ಹಾಕ್ಸಿದೀವಿ" ಎನ್ನುವ ಒಡೆಯರಿದ್ದಾರೆ. ಸಂತೋಷ. ಕಾರ್ಡು ತೋರಿಸಿ ಎಂದರೆ ಮುಖ ಸಣ್ಣದಾಗುತ್ತದೆ. ಮರಿಯಿದ್ದಾಗ ಒಂದು ಸಲ ಹಾಕಿಸಿದ್ದು ಈ ಮಾತಿನಲ್ಲಿ ಜೀವಮಾನಪೂರ್ತಿ ಬಾಳುತ್ತದೆ, ವರ್ಷವರ್ಷ ಹಾಕಿಸಬೇಕೆಂಬುದು ಯಾರಿಗೂ ಬೇಕಿಲ್ಲ. ಜುಲೈ 6ರಂದು ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಲಸಿಕೆ ಹಾಕುವ ರೂಢಿಯಿದೆ. 1885ರಲ್ಲಿ ಅದೇ ದಿನ ಲೂಯಿ ಪಾಶ್ಚರ್ ನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆ ಕೊಡಿಸಿದ್ದ. ನಾಯಿಯನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋಗುವ ಕಷ್ಟಕ್ಕೂ, ಕಚ್ಚಿಸಿಕೊಂಡವನು ನಾಲ್ಕು ಸಲ ಬಸ್ಸು ಹತ್ತುವ ಕಷ್ಟಕ್ಕೂ ತಕ್ಕಡಿ ಹಿಡಿದು ನೋಡಿ.

ಒಡೆಯನೊಬ್ಬನೇ ಮಾಡಬಹುದಾದ ಕೆಲಸ ಮತ್ತೊಂದಿದೆ, ಅದನ್ನೇ ಅವನು ತಪ್ಪಿಸುತ್ತಾನೆ. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ, ಊಟ ಹಾಕಿ, ಕಣ್ಣಿಟ್ಟು ನೋಡಬೇಕು. ರೇಬೀಸ್ ವೈರಾಣು ನಾಯಿಯ ಜೊಲ್ಲಿನಲ್ಲಿ ಸೇರುವುದು ಅದಕ್ಕೆ ಕಾಯಿಲೆಯ ಲಕ್ಷಣ ಕಾಣುವ ಕೆಲವೇ ದಿನ ಮೊದಲು. ಹತ್ತು ದಿನ ಕಳೆದೂ ನಾಯಿ ಗಟ್ಟಿಮುಟ್ಟಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಜೊಲ್ಲಿನಲ್ಲಿ ವಿಷ ಇರಲಿಲ್ಲ ಎಂದಾಯಿತು. ಚಿಕಿತ್ಸೆ ಅದಕ್ಕಾಗಿ ಕಾಯುವಂತಿಲ್ಲ, ಸೋಪು ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು ಅಂದೇ ಲಸಿಕೆಗೆ ಹೋಗಬೇಕು. ಆದರೆ ಆ ಹತ್ತು ದಿನದ ಸುದ್ದಿ ಕಚ್ಚಿಸಿಕೊಂಡವನ ಮನೆಯವರ ನಿದ್ದೆ. ನಮ್ಮಲ್ಲಿ ಆಗುವುದೇನು? ದೂರು ಗೀರು ಬಂದೀತೆಂದು ಅಂದೇ ರಾತ್ರಿ ನಾಯಿಯನ್ನು ಗಾಡಿಗೆ ಹಾಕಿ ಹೆದ್ದಾರಿಯಲ್ಲಿ ಎಲ್ಲೋ ಬಿಟ್ಟು ಬರುತ್ತಾರೆ, ಇಲ್ಲವೇ ಯಾರೋ ಹೊಡೆದು ಹಾಕುತ್ತಾರೆ. ಗಾಯಕ್ಕೆ ಖಾರದಪುಡಿಯನ್ನೋ ಸುಣ್ಣವನ್ನೋ ಮೆತ್ತಿ ಕಳಿಸುತ್ತಾರೆ, ಅದು ಔಷಧಿಯಲ್ಲ, ಗಾಯಕ್ಕೆ ಮತ್ತೊಂದು ಗಾಯ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್ ಬಿಡುವ ಕಾಯಿಲೆಯಲ್ಲ. ಕಚ್ಚಿಸಿಕೊಂಡವನಿಗೆ ತಿಂಗಳುಗಟ್ಟಲೆ ನೀರು ಕುಡಿಯುವಾಗೆಲ್ಲ ಗಂಟಲಿನ ಕಡೆ ಗಮನ.

ಕಾನೂನು ಇಲ್ಲದೇ ಇಲ್ಲ. ಭಾರತೀಯ ದಂಡ ಸಂಹಿತೆಯ 289ನೇ ಕಲಮು 1860ರಿಂದ ಇತ್ತು. ತನ್ನ ವಶದಲ್ಲಿರುವ ಪ್ರಾಣಿಯಿಂದ ಪ್ರಾಣಾಪಾಯವೋ ತೀವ್ರ ಗಾಯವೋ ಆಗದಂತೆ ಸಾಕಷ್ಟು ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 1860ರಲ್ಲಿ ಸಾವಿರ ರೂಪಾಯಿ ಅಂದರೆ ಜಮೀನುದಾರನೂ ಬೆವರುವಂಥ ಮೊತ್ತ. ಅದೇ ಸಾವಿರ 2024ರ ಜೂನ್ ಕೊನೆಯವರೆಗೂ ಕಲಮಿನಲ್ಲಿ ಕೂತಿತ್ತು, ಅಷ್ಟರಲ್ಲಿ ಅದು ಆ ನಾಯಿಯ ಒಂದು ವಾರದ ಬಿಸ್ಕತ್ತಿನ ಖರ್ಚಾಗಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಅದನ್ನು 5,000 ಮಾಡಿದೆ. ಮಿಕ್ಕಂತೆ ಅದೇ ಮಾತು. ಈ ದಂಡವೂ ಸಾಮಾನ್ಯವಾಗಿ ಹೋಗುವುದು ಸರ್ಕಾರಕ್ಕೆ, ಕಚ್ಚಿಸಿಕೊಂಡವನ ಕೈಗಲ್ಲ. ಅವನು ಪರಿಹಾರಕ್ಕೆ ಬೇರೆ ದಾವೆ ಹೂಡಬೇಕು, ಸಿಲಿಂಡರ್ ಹೊರುವವನು ತೋಟದ ಒಡೆಯನ ಮೇಲೆ.

ಮುಂಬಯಿಯಲ್ಲಿ 2010ರಲ್ಲಿ ರಾಟ್‌ವೀಲರ್ ನಾಯಿ ಹಿರಿಯರೊಬ್ಬರಿಗೆ ಕಚ್ಚಿದ ಪ್ರಕರಣದಲ್ಲಿ ಒಡೆಯನಿಗೆ ಮೂರು ತಿಂಗಳ ಶಿಕ್ಷೆಯಾದದ್ದು 2023ರಲ್ಲಿ. ಅಲ್ಲೇ ವರ್ಲಿಯ ಲಿಫ್ಟಿನದು 2018ರ ಘಟನೆ. ಒಳಗೆ ಪುಟ್ಟ ಮಗುವಿದೆ, ಅದಕ್ಕೆ ನಾಯಿಯೆಂದರೆ ಭಯ, ಸ್ವಲ್ಪ ತಡೆಯಿರಿ ಎಂದು ತಂದೆ ಕೇಳಿಕೊಂಡರೂ ಒಬ್ಬರು ತಮ್ಮ ನಾಯಿಯನ್ನು ಎಳೆದುಕೊಂಡೇ ಒಳಬಂದರು, ಅದು ಆ ತಂದೆಯ ಕೈ ಹಿಡಿಯಿತು. ನಾಲ್ಕು ತಿಂಗಳ ಶಿಕ್ಷೆ ಬಂದದ್ದು 2025ರಲ್ಲಿ. ಮುಂಬಯಿಯ ಸ್ಥಿತಿವಂತರಿಗೇ ಏಳು ವರ್ಷ, ಹದಿಮೂರು ವರ್ಷ ಹಿಡಿದರೆ ಕೊಡಿಕೊಂಡದ ಹುಡುಗ ಎರಡು ನೋಟು ತೆಗೆದುಕೊಂಡು ಸುಮ್ಮನಾದರೆ ಅವನನ್ನು ಬೈಯಲಾರೆ.

ಸರ್ಕಾರಕ್ಕೆ ಎಚ್ಚರವಾದಾಗ ಅದೂ ನಾಯಿಯನ್ನೇ ಹಿಡಿಯಿತು. 2024ರ ಮಾರ್ಚಿನಲ್ಲಿ ಕೇಂದ್ರವು ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಮಾಡಿದ್ದೆಂದು ಕರ್ನಾಟಕ ಹೈಕೋರ್ಟು ಏಪ್ರಿಲಿನಲ್ಲಿ ಅದನ್ನು ರದ್ದು ಮಾಡಿತು. ಒಳ್ಳೆಯದೇ ಆಯಿತು. ತಳಿಯ ಪಟ್ಟಿ ಎಂದರೆ ಒಡೆಯನಿಗೆ ಬಿಡುಗಡೆಯ ಪತ್ರ. ಪಟ್ಟಿಯಲ್ಲಿಲ್ಲದ ಕರಿಯನ ಒಡೆಯ ತನಗೇನೂ ಸಂಬಂಧವಿಲ್ಲ ಎಂದುಕೊಳ್ಳುತ್ತಾನೆ, ಪಟ್ಟಿಯಲ್ಲಿರುವುದರ ಒಡೆಯ ಹೆದರಿ ಅದನ್ನು ರಾತ್ರೋರಾತ್ರಿ ಕೈಬಿಡುತ್ತಾನೆ. 2025ರ ಡಿಸೆಂಬರಿನಲ್ಲಿ ದಾವಣಗೆರೆಯ ಹತ್ತಿರ ಹಳ್ಳಿಯ ಹೆಣ್ಣುಮಗಳೊಬ್ಬರನ್ನು ಕೊಂದ ಎರಡು ರಾಟ್‌ವೀಲರ್‌ಗಳು ಹೀಗೆ ತಂದು ಬಿಟ್ಟುಹೋದಂಥವು. ಪೊಲೀಸರು ಒಡೆಯನನ್ನು ಹುಡುಕಿ ಹಿಡಿದರು. ಬಿಟ್ಟುಬಂದ ಗಳಿಗೆಯಲ್ಲಿ ಅವು ತನ್ನವಲ್ಲ ಎಂದು ಅವನು ಲೆಕ್ಕ ಹಾಕಿದ್ದಿರಬೇಕು.

ನನ್ನ ಮಾತಿಗೂ ಎಲ್ಲೆಯಿದೆ. ಮಧ್ಯರಾತ್ರಿ ಕಾಂಪೌಂಡು ಹಾರಿದವನಿಗೆ ನಾಯಿ ಕಚ್ಚಿದರೆ ನಾನು ಅವನ ಪರ ವಕಾಲತ್ತು ಹಾಕುವುದಿಲ್ಲ. ಕಲ್ಲು ಹೊಡೆದು ಕೆಣಕಿದವನ ಲೆಕ್ಕವೂ ಬೇರೆ. ಮಡಕಶಿರ, ಕಲ್ಯಾಣದುರ್ಗದ ಕಡೆ ಬಯಲಿನಲ್ಲಿ ಮಂದೆ ತರುಬಿ ಮಲಗುವ ಕುರಿಗಾಹಿಗೆ ನಾಯಿ ಷೋಕಿಯಲ್ಲ, ಅದಿಲ್ಲದೆ ಅವನ ಬದುಕೇ ಇಲ್ಲ. ಜರ್ಮನಿಯ ಕಾನೂನು ಈ ಭೇದವನ್ನು ಒಪ್ಪುತ್ತದೆ. ಹೊಟ್ಟೆಪಾಡಿಗೆ ಸಾಕಿದ ಪ್ರಾಣಿಯ ಒಡೆಯ ತಕ್ಕ ಎಚ್ಚರ ವಹಿಸಿದ್ದೆನೆಂದು ತೋರಿಸಿದರೆ ಪಾರಾಗಬಹುದು, ಷೋಕಿಗೆ ಸಾಕಿದವನಿಗೆ ಆ ದಾರಿಯಿಲ್ಲ. ನಮಗೂ ಇದು ಹೊಂದುತ್ತದೆ. ನಾನು ಕಂಡ ಕುರಿಗಾಹಿಗಳಂತೂ ದೂರದಲ್ಲಿ ಮನುಷ್ಯನ ತಲೆ ಕಂಡೊಡನೆ ನಾಯಿಯ ಹೆಸರು ಹಿಡಿದು ಗದರುತ್ತಾರೆ, ಬಂದವನು ದಾಟುವವರೆಗೆ ಎದ್ದು ನಿಂತಿರುತ್ತಾರೆ. ತುಡುಗು ದನದ ಕೊರಳಿಗೆ ಮರದ ತುಂಡು ಕಟ್ಟುವ ಹಾಗೆ ಮುಂಗೋಪದ ನಾಯಿಗೂ ಕಟ್ಟುತ್ತಾರೆ. ಜಗಲಿಯ ಕುರ್ಚಿಯವರಿಗಿಂತ ಅವರಿಗೆ ಹೊಣೆ ಗೊತ್ತು.

ನಾಯಿಯನ್ನು ದ್ವೇಷಿಸುವವನು ಇದನ್ನೆಲ್ಲ ಬರೆಯುತ್ತಿದ್ದಾನೆ ಎಂದುಕೊಳ್ಳುವವರಿಗೆ ಆತಕೂರಿನ ಕಲ್ಲನ್ನು ನೆನಪಿಸುತ್ತೇನೆ. ಹತ್ತನೇ ಶತಮಾನದ ನಡುವಿನ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ದೊರೆ ಬೂತುಗ ಏನು ಬೇಕೆಂದು ಕೇಳಿದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಂದಿಗೆ ಕಾದು ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಗೊರವನನ್ನು ನೇಮಿಸಿದರು. ಹಂದಿಯನ್ನು ಕೊಂದದ್ದು ಕಾಳಿ, ಆದರೂ ಸಾವಿರ ವರ್ಷದಿಂದ ಅದರ ಜೊತೆಗೆ ಮಣಲೇರನ ಹೆಸರೂ ಉಳಿದಿದೆ. ನಾಯಿಯ ಕೀರ್ತಿಯಲ್ಲಿ ಒಡೆಯನಿಗೆ ಪಾಲು ಕೊಡುವುದಕ್ಕೆ ನಮ್ಮವರು ಎಂದೂ ತಕರಾರು ಮಾಡಿದ್ದಿಲ್ಲ. ಮನೆಗೆ ಬಂದವರ ಮುಂದೆ "ನಮ್ ರಾಜ ಶೇಕ್‌ಹ್ಯಾಂಡ್ ಕೊಡ್ತಾನೆ ನೋಡಿ" ಎನ್ನುವವರೂ ಆ ಪಾಲನ್ನೇ ಕೇಳುತ್ತಿರುವುದು.

ಮೊನ್ನೆ ಒಂದನೇ ತಾರೀಖು ಬೆಳಗ್ಗೆ ನಮ್ಮ ಬೀದಿಯ ಕೊನೆಯ ಮನೆಯ ಮುಂದೆ ಪಿಂಚಣಿಯ ಹುಡುಗಿ ನಿಂತಿದ್ದಳು. ಒಂದು ಕೈಯಲ್ಲಿ ಬೆರಳಚ್ಚಿನ ಯಂತ್ರ, ಇನ್ನೊಂದರಲ್ಲಿ ದಾರಿಯಲ್ಲಿ ಮುರಿದುಕೊಂಡ ಬೇವಿನ ಕಡ್ಡಿ. ಆ ಮನೆಯ ಅಜ್ಜಿಗೆ ನಡೆಯಲಾಗದು, ಇವಳೇ ಒಳಗೆ ಹೋಗಬೇಕು. ಗೇಟಿನ ಹೊರಗಿಂದ ಕೂಗಿ ಕೇಳಿದಳು, ನಾಯಿ ಕಟ್ಟಿದ್ದೀರಾ ಎಂದು. ಒಳಗಿಂದ ಗಂಡಸಿನ ದನಿ ಬಂತು: "ಕಟ್ಟಿಲ್ಲಮ್ಮಾ. ನಿನ್ನ ಗುರ್ತು ಸಿಗ್ತದೆ ಅದಕ್ಕೆ, ಬಾ." ಅವಳು ಕಡ್ಡಿಯನ್ನು ಸೆರಗಿನ ಮರೆಗೆ ಸರಿಸಿಕೊಂಡು ಅಗುಳಿಗೆ ಕೈಹಾಕಿದಳು.